ವೇಷ ತೊಡಿಸಿದ್ದು ಸಾಕು, ಹಾಡು ಕಲಿಸೋಣ

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ನಾನು ‘ಸಪ್ತಭಾಷಾ ಸಂಗಮ’ ಎಂಬ ಕಾರ್ಯಕ್ರಮ ಮಾಡಿಸಿದ್ದೆ. ಏಳು ಮಕ್ಕಳು, ಏಳು ವೇಷ. ಮಲಯಾಳಕ್ಕೆ ಕಸವಿನ ಸೀರೆ, ತುಳುವಿಗೆ ಮುಟ್ಟಾಳೆ, ಹೀಗೆ. ಬ್ಯಾರಿ ಭಾಷೆಯ ಪಾಲಿಗೆ ಆರನೇ ತರಗತಿಯ ಹುಡುಗಿಯೊಬ್ಬಳಿಗೆ ಉದ್ದ ತೋಳಿನ ಕುಪ್ಪಾಯ, ತಲೆಗೆ ತಟ್ಟ, ಸೊಂಟಕ್ಕೆ ಬೆಳ್ಳಿಯಂತೆ ಹೊಳೆಯುವ ಪಟ್ಟಿ. ಬಾಡಿಗೆಗೆ ತಂದ ಆ ಉಡುಪನ್ನು ಪಿನ್ನು ಹಾಕಿ ಸರಿಪಡಿಸುತ್ತಿದ್ದಾಗ ಅವಳು ಕೇಳಿದಳು: “ಟೀಚರ್, ಇದು ಯಾರ ಮನೆಯ ಉಡುಪು? ನನ್ನ ಉಮ್ಮ ಹೀಗೆ ಹಾಕುವುದಿಲ್ಲ.”

“ನಿನ್ನ ಅಜ್ಜಿಯ ಉಮ್ಮ ಹಾಕುತ್ತಿದ್ದರು” ಎಂದೆ.

“ಹಾಗಾದರೆ ಸ್ಟೇಜಿನಲ್ಲಿ ನಾನು ಏನು ಹೇಳಬೇಕು?”

“ಏನೂ ಹೇಳುವುದು ಬೇಡ. ಕೈಬೀಸಿಕೊಂಡು ನಡೆದರೆ ಸಾಕು.”

ಕಾರ್ಯಕ್ರಮ ಚೆನ್ನಾಗಿಯೇ ಆಯಿತು. ಚಪ್ಪಾಳೆ ಬಿತ್ತು, ಫೋಟೋ ತೆಗೆದರು. ಆದರೆ ನನ್ನ ಆ ಕೊನೆಯ ಮಾತು ಬಹಳ ದಿನ ಗಂಟಲಿನಲ್ಲಿ ಮುಳ್ಳಿನಂತೆ ಉಳಿಯಿತು. ಭಾಷೆಯ ಹೆಸರಿನಲ್ಲಿ ವೇದಿಕೆಗೆ ಹತ್ತಿಸಿದ ಮಗುವಿಗೆ ನಾನು ‘ಬಾಯಿ ತೆರೆಯಬೇಡ’ ಎಂದಿದ್ದೆ. ನಾನೂ ಬ್ಯಾರಿ ಮನೆಯವಳೇ. ಬೇರೆಯವರು ಹಾಗೆ ಹೇಳಿದ್ದರೆ ನನಗೆ ಸಿಟ್ಟು ಬರುತ್ತಿತ್ತು.

ಈ ಬರಹ ಆ ತಪ್ಪಿನಿಂದ ಹುಟ್ಟಿದ್ದು. ನಮ್ಮ ಮಕ್ಕಳಿಗೆ ಊರಿನ ವೈವಿಧ್ಯವನ್ನು ಪರಿಚಯಿಸಬೇಕಾದರೆ ವೇಷದ ಮೆರವಣಿಗೆ ಬಿಟ್ಟು ಅವರಿಂದ ಒಂದು ಹಾಡಿನ ನಾಟಕ ಮಾಡಿಸಬೇಕು. ಅದರಲ್ಲಿ ಪ್ರತಿ ಮಗುವೂ ಪಕ್ಕದ ಮಗುವಿನ ಮನೆಯ ಹಾಡನ್ನು ಕಲಿತು ಹಾಡಬೇಕು. ಇದಕ್ಕೆ ನಮ್ಮ ಬ್ಯಾರಿ ಕುಟುಂಬಗಳು ಬಾಗಿಲು ತೆರೆಯಬೇಕು. ನನ್ನ ವಾದ ಇಷ್ಟೇ.

ಕಾಸರಗೋಡು ಜಿಲ್ಲೆಯಾದದ್ದು 1984ರ ಮೇ 24ರಂದು. ಅದಕ್ಕೂ ಮೊದಲು, 1956ರ ನವೆಂಬರ್ 1ರಂದು, ಈ ಊರು ಕೇರಳಕ್ಕೆ ಸೇರಿತು. ರಾಜ್ಯದ ಗಡಿ ಎಳೆದವರು ಮನೆಮನೆಯ ಮಾತನ್ನು ಕೇಳಿ ಎಳೆಯಲಿಲ್ಲ, ಎಳೆಯಲು ಸಾಧ್ಯವೂ ಇರಲಿಲ್ಲ. ಮಂಜೇಶ್ವರ, ಕುಂಬಳೆ, ಬದಿಯಡ್ಕದ ಯಾವುದೇ ತರಗತಿಗೆ ಬನ್ನಿ. ಮಲಯಾಳ, ಕನ್ನಡ, ತುಳು, ಬ್ಯಾರಿ, ಕೊಂಕಣಿ, ಮರಾಠಿ, ಉರ್ದು ಇವುಗಳಲ್ಲಿ ನಾಲ್ಕೈದಾದರೂ ಒಂದೇ ಬೆಂಚಿನ ಸಾಲಿನಲ್ಲಿ ಸಿಗುತ್ತವೆ. ಸಭೆಗಳಲ್ಲಿ ನಾವು ‘ಸಪ್ತಭಾಷಾ ಸಂಗಮ ಭೂಮಿ’ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ಅದೇ ತರಗತಿಯಲ್ಲಿ ಮಾತೃಭಾಷೆ ಯಾವುದೆಂದು ಕೇಳಿದರೆ ಬ್ಯಾರಿ ಮಗು ಒಂದು ಕ್ಷಣ ಯೋಚಿಸುತ್ತದೆ. ಮಲಯಾಳ ಎನ್ನಬೇಕೋ, ಕನ್ನಡ ಎನ್ನಬೇಕೋ? ‘ಬ್ಯಾರಿ’ ಎನ್ನುವುದು ಅದಕ್ಕೆ ಕೊನೆಗೆ ಹೊಳೆಯುವ ಉತ್ತರ. ಮನೆಯಲ್ಲಿ ನಾವೇ ‘ಅದೆಲ್ಲ ಫಾರ್ಮಿನಲ್ಲಿ ಬರೆಯುವ ಭಾಷೆಯಲ್ಲ’ ಎಂದು ಹೇಳಿಕೊಟ್ಟಿದ್ದೇವೆ.

ಕಲೆಯ ವಿಷಯದಲ್ಲಿ ಕೇರಳದ ಶಾಲೆಗಳು ಬಡವಾಗಿಲ್ಲ, ಅದನ್ನು ಒಪ್ಪಬೇಕು. 1957ರಲ್ಲಿ ಆರಂಭವಾದ ಶಾಲಾ ಕಲೋತ್ಸವದಂಥ ಹಬ್ಬ ಬೇರೆ ರಾಜ್ಯಗಳಲ್ಲಿ ಸಿಗುವುದು ಅಪರೂಪ. 2019ರ ನವೆಂಬರ್ ಕೊನೆಯಲ್ಲಿ ರಾಜ್ಯ ಕಲೋತ್ಸವ ನಮ್ಮ ಕಾಞಂಗಾಡಿನಲ್ಲಿ ನಡೆದಾಗ ಇಡೀ ಜಿಲ್ಲೆ ಅತ್ತ ಹರಿದಿತ್ತು. ಒಪ್ಪನ, ದಫ್‌ಮುಟ್ಟು, ಅರಬನಮುಟ್ಟು, ಕೋಲ್ಕಳಿ, ವಟ್ಟಪ್ಪಾಟ್ಟು, ಮಾಪ್ಪಿಳಪ್ಪಾಟ್ಟು ಎಲ್ಲಕ್ಕೂ ಅಲ್ಲಿ ಜಾಗವಿದೆ. ಯಕ್ಷಗಾನಕ್ಕೆ ಇದೆ. ಕನ್ನಡ ಪದ್ಯ ಪಠನಕ್ಕೆ, ಕನ್ನಡ ಭಾಷಣಕ್ಕೆ ಇದೆ. 2025ರ ಜನವರಿಯಲ್ಲಿ ತಿರುವನಂತಪುರದಲ್ಲಿ ನಡೆದ ಕಲೋತ್ಸವದಲ್ಲಿ ಮೊದಲ ಬಾರಿಗೆ ಬುಡಕಟ್ಟು ಕಲೆಗಳೂ ಸ್ಪರ್ಧೆಗೆ ಬಂದವು. ಅವುಗಳಲ್ಲಿ ಮಂಗಲಂಕಳಿ ನಮ್ಮ ಜಿಲ್ಲೆಯ ಮಾವಿಲ, ಮಲವೇಟ್ಟುವ ಸಮುದಾಯಗಳದ್ದು. ಮದುವೆ ಮನೆಯಲ್ಲಿ ತುಡಿ ಬಾರಿಸುತ್ತ ಸುತ್ತು ಕಟ್ಟಿ ಕುಣಿಯುವ ಕಲೆ. ಮಾವಿಲರ ಹಾಡುಗಳು ತುಳುವಿನಲ್ಲಿವೆ. ವೆಳ್ಳರಿಕುಂಡಿನ ಗುಡ್ಡಗಳ ಕಡೆ ಹಾಡುವ ಈ ತುಳು ಹಾಡುಗಳ ಸುದ್ದಿ ಮಂಜೇಶ್ವರದ ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತಿತ್ತು? ವೇದಿಕೆಯ ಬಾಗಿಲು ತೆರೆದ ಮೇಲೆ ಗೊತ್ತಾಯಿತು.

ಹಾಗಾದರೆ ಕೊರತೆ ಏನು? ಮೊದಲನೆಯದಾಗಿ, ಆ ಪಟ್ಟಿಯಲ್ಲಿ ಬ್ಯಾರಿಯ ಹೆಸರಿನ ಒಂದು ಸ್ಪರ್ಧೆಯೂ ಇಲ್ಲ, ತುಳುವಿನ ಹೆಸರಿನದ್ದೂ ಇಲ್ಲ. ನಮ್ಮ ಮಕ್ಕಳು ಮಾಪ್ಪಿಳಪ್ಪಾಟ್ಟಿನ ಮೂಲಕ ಒಳಗೆ ಹೋಗುತ್ತಾರೆ. ಅದು ನಮಗೆ ಪರಕೀಯವಲ್ಲ. ಮೊಗ್ರಾಲನ್ನು ‘ಇಶಲ್ ಗ್ರಾಮ’ ಎಂದು ಕರೆಯುವುದು ಸುಮ್ಮನೆ ಅಲ್ಲ, ಮೋಯಿನ್‌ಕುಟ್ಟಿ ವೈದ್ಯರ ಹಾಡುಗಳು ಇಲ್ಲಿಯ ಮನೆಗಳಲ್ಲಿ ಬದುಕಿವೆ. ಆದರೆ ಉಮ್ಮ ಅಡುಗೆಮನೆಯಲ್ಲಿ ಮಾತಾಡುವ ಭಾಷೆ ಅದಲ್ಲ. ಎರಡನೆಯದು ಇನ್ನೂ ಮುಖ್ಯ. ಸ್ಪರ್ಧೆಯಲ್ಲಿ ಒಪ್ಪನ ಒಂದು ವೇದಿಕೆ, ಯಕ್ಷಗಾನ ಇನ್ನೊಂದು ವೇದಿಕೆ. ಒಪ್ಪನದ ಹುಡುಗಿ ಯಕ್ಷಗಾನದ ಹುಡುಗನನ್ನು ಊಟದ ಸಾಲಿನಲ್ಲಿ ಬಿಟ್ಟರೆ ಬೇರೆಲ್ಲೂ ಕಾಣುವುದಿಲ್ಲ. ಹೊರಗಿನಿಂದ ತರಬೇತುದಾರರು ಬರುತ್ತಾರೆ, ಉಡುಪಿನ ಬಾಡಿಗೆ ಏರುತ್ತದೆ, ‘ಎ’ ಗ್ರೇಡು ಬಂತೇ ಇಲ್ಲವೇ ಎಂಬುದರಲ್ಲಿ ಕಥೆ ಮುಗಿಯುತ್ತದೆ. ಗೆದ್ದ ಮಗು ತನ್ನ ಕಲೆಯನ್ನು ಚೆನ್ನಾಗಿ ಕಲಿಯುತ್ತದೆ, ನಿಜ. ನೆರೆಯವರದನ್ನು ಕಲಿಯುವ ಸಂದರ್ಭವೇ ಅಲ್ಲಿ ಬರುವುದಿಲ್ಲ.

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ನಮ್ಮ ಕರಾವಳಿಯ ರಂಗಭೂಮಿಗೆ ಬ್ಯಾರಿ ಹೊಸಬನಲ್ಲ. ‘ಬಪ್ಪನಾಡು ಕ್ಷೇತ್ರ ಮಹಾತ್ಮೆ’ ಯಕ್ಷಗಾನದಲ್ಲಿ ಮೂಲ್ಕಿಯ ದೇವಸ್ಥಾನದ ಕಥೆಯೊಂದಿಗೆ ಬಪ್ಪ ಬ್ಯಾರಿ ಬರುತ್ತಾನೆ. ಘನತೆಯ ಪಾತ್ರ ಅದು. ಆದರೆ ತುಳು ನಾಟಕಗಳಲ್ಲಿ, ಹಾಸ್ಯದ ತುಣುಕುಗಳಲ್ಲಿ ಬ್ಯಾರಿ ಬಂದ ಎಂದರೆ ನಗುವಿಗೆ ಸಿದ್ಧರಾಗಿ ಎಂದರ್ಥ. ಅವನ ಮಾತಿನ ರಾಗಕ್ಕೇ ಜನ ನಗುತ್ತಾರೆ. ನಾವೂ ನಕ್ಕಿದ್ದೇವೆ, ನಗುವುದು ಪಾಪವಲ್ಲ. ಆದರೆ ತನ್ನ ಮನೆಮಾತು ವೇದಿಕೆಯ ಮೇಲೆ ಬಂದಾಗಲೆಲ್ಲ ನಗು ಕೇಳಿ ಬೆಳೆದ ಮಗು ಶಾಲೆಯಲ್ಲಿ ಆ ಮಾತನ್ನು ಬಾಯಲ್ಲೇ ಇಟ್ಟುಕೊಳ್ಳುತ್ತದೆ. ಒಂದು ಸಲವಾದರೂ ಅದು ತನ್ನ ಭಾಷೆಯನ್ನು ಸಭೆ ಮೌನವಾಗಿ, ಕಿವಿಗೊಟ್ಟು ಕೇಳುವುದನ್ನು ನೋಡಬೇಕು.

ಎರಡು ವರ್ಷ ಬಿಟ್ಟು ನಾವು ಮಾಡಿದ ಹಾಡಿನ ನಾಟಕದ ಹೆಸರು ‘ಬೇಲಿ’. ಕಥೆ ಮಕ್ಕಳದ್ದೇ. ಎರಡು ಮನೆಗಳ ನಡುವೆ ಒಂದು ಬೇಲಿ. ಈ ಕಡೆ ಬಿತ್ತಿದ ಹೀರೆಯ ಬಳ್ಳಿ ಬೇಲಿ ಹತ್ತಿ ಆ ಕಡೆ ಕಾಯಿ ಬಿಡುತ್ತದೆ. ಕಾಯಿ ಯಾರದ್ದು? ಜಗಳ, ಪಂಚಾಯಿತಿಕೆ, ಮಳೆ, ಬಿದ್ದ ಬೇಲಿ, ಕೊನೆಗೆ ಒಂದೇ ಒಲೆಯ ಸಾರು. ಸುಮಾರು ಮುಕ್ಕಾಲು ಗಂಟೆಯ ಆಟ.

ಹೆಸರು ಸಿಕ್ಕಿದ್ದು ತರಗತಿಯ ಒಂದು ಜಗಳದಿಂದ. ಮಲಯಾಳದ ಹುಡುಗ ‘ವೇಲಿ’ ಎಂದ. ಬ್ಯಾರಿ ಹುಡುಗಿ ‘ಬೇಲಿ’ ಎಂದಳು. ಅವನು ನಕ್ಕು, “ನೀನು ಹೇಳುವುದು ತಪ್ಪು” ಎಂದ. ಆಗ ಕನ್ನಡದ ಹುಡುಗ, “ನಮ್ಮಲ್ಲೂ ಬೇಲಿಯೇ” ಎಂದ, ತುಳುವಿನವನೂ ತಲೆಯಾಡಿಸಿದ. ‘ವಿತ್ತ್’ ಎಂದರೆ ಬ್ಯಾರಿಯಲ್ಲಿ ‘ಬಿತ್ತ್’, ತುಳುವಿನಲ್ಲೂ ಬಿತ್ತ್, ಕನ್ನಡದಲ್ಲಿ ಬಿತ್ತ. ಹಲಗೆಯ ಮೇಲೆ ಬರೆಯುತ್ತ ಹೋದಂತೆ ಮಕ್ಕಳಿಗೆ ಒಂದು ಸಂಗತಿ ತಿಳಿಯಿತು. ಮಲಯಾಳದ ಪದಾರಂಭದ ‘ವ’ ಬ್ಯಾರಿಯಲ್ಲಿ ‘ಬ’ ಆಗುವುದು ತೊದಲಲ್ಲ, ನಿಯಮ. ಬ್ಯಾರಿ ಭಾಷೆ ಮಲಯಾಳದ ಜೊತೆ ಬೇರು ಹಂಚಿಕೊಂಡು, ತುಳು ಕನ್ನಡದ ಮಣ್ಣಿನಲ್ಲಿ ಬೆಳೆದದ್ದು. ಇದನ್ನು ನಾನು ಪಾಠ ಮಾಡಿ ಹೇಳಿದ್ದರೆ ಅವರು ಆಕಳಿಸುತ್ತಿದ್ದರು.

ನಾವು ಒಂದೇ ಒಂದು ಕಟ್ಟುನಿಟ್ಟಿನ ನಿಯಮ ಮಾಡಿಕೊಂಡೆವು. ಯಾರೂ ತಮ್ಮ ಸಮುದಾಯದ ಪಾತ್ರ ಮಾಡಬಾರದು, ತಮ್ಮ ಮನೆಯ ಹಾಡನ್ನು ತಾವೇ ಹಾಡಬಾರದು. ಜೊತೆಗಾರನಿಗೆ ಕಲಿಸಬೇಕು, ಅವನದನ್ನು ಕಲಿಯಬೇಕು. ಮದುವೆ ಮನೆಯ ಮೊಯ್ಲಾಂಜಿ ಹಾಡು ತುಳು ಹುಡುಗನ ಪಾಲಿಗೆ ಬಂತು. ಯಕ್ಷಗಾನದ ಭಾಗವತಿಕೆ ಬ್ಯಾರಿ ಹುಡುಗಿಯ ಪಾಲಿಗೆ. ಕೊಂಕಣಿ ಜೋಗುಳ ಮಲಯಾಳದವನಿಗೆ.

ಇಲ್ಲೇ ನಾನು ಕಾಣದಿದ್ದದ್ದನ್ನು ಕಂಡೆ. ಕನ್ನಡ ಪಾಠದಲ್ಲಿ ಬ್ಯಾರಿ ಮಕ್ಕಳನ್ನು ನಾವು ಸದಾ ತಿದ್ದುತ್ತೇವೆ. ‘ಳ’ ಹೇಳು, ‘ಣ’ ಹೇಳು, ಕಣ್ಣನ್ನು ‘ಕನ್ನ್’ ಎನ್ನಬೇಡ, ಹೀಗೆ. ತಿದ್ದಬೇಕಾದದ್ದೇ. ಆದರೆ ಹಾಡಿನ ಅಭ್ಯಾಸದಲ್ಲಿ ತುಳು ಹುಡುಗ ನಾಲಿಗೆ ಮಡಚಿ ‘ಣ’ ಎಂದಾಗ ಅದೇ ಹುಡುಗಿ ಅವನನ್ನು ತಡೆದಳು. “ಅಷ್ಟು ಮಡಚಬೇಡ ಮಾರಾಯ, ನಮ್ಮದರಲ್ಲಿ ‘ನ’ ಸಾಕು.” ಅವನು ಮತ್ತೆ ಹೇಳಿದ, ಅವಳು ಮತ್ತೆ ತಿದ್ದಿದಳು. ಏಳು ವರ್ಷದಲ್ಲಿ ಮೊದಲ ಬಾರಿಗೆ ಆ ತರಗತಿಯಲ್ಲಿ ಬ್ಯಾರಿ ಉಚ್ಚಾರವೇ ‘ಸರಿ’ ಆಗಿತ್ತು, ಬೇರೆಯದು ‘ತಪ್ಪು’. ಅವಳ ಬೆನ್ನು ನೇರವಾದದ್ದನ್ನು ನಾನು ಕಣ್ಣಾರೆ ನೋಡಿದೆ. ಅದೇ ವರ್ಷ ಅವಳ ಕನ್ನಡ ಓದೂ ಸುಧಾರಿಸಿತು. ತನ್ನ ಭಾಷೆಗೆ ನಿಯಮವಿದೆ ಎಂದು ತಿಳಿದ ಮಗುವಿಗೆ ಇನ್ನೊಂದರ ನಿಯಮ ಕಲಿಯಲು ನಾಚಿಕೆ ಇರುವುದಿಲ್ಲ ಎಂದು ನನಗನಿಸುತ್ತದೆ.

ಹಾಡು ಹುಡುಕುವುದು ಸುಲಭವಿರಲಿಲ್ಲ. “ಉಮ್ಮನಿಗೆ ಹಾಡು ಗೊತ್ತಿಲ್ಲ, ಮೊಬೈಲಿನಲ್ಲಿದೆ” ಎಂದವರೇ ಹೆಚ್ಚು. ಒಬ್ಬ ಹುಡುಗನ ಉಪ್ಪ ಗಲ್ಫಿನಲ್ಲಿದ್ದಾರೆ. ಮಗನ ಬೇಡಿಕೆ ಕೇಳಿ ಅವರು ಊರಿನಲ್ಲಿರುವ ತಮ್ಮ ತಾಯಿಗೆ ಫೋನು ಮಾಡಿ ಹಾಡಿಸಿ, ಅದನ್ನು ರೆಕಾರ್ಡ್ ಮಾಡಿ ವಾಟ್ಸಾಪಿನಲ್ಲಿ ನಮಗೆ ಕಳಿಸಿದರು. ಅಜ್ಜಿ ಇದ್ದದ್ದು ಶಾಲೆಯಿಂದ ಎರಡು ಫರ್ಲಾಂಗು ದೂರದಲ್ಲಿ! ಹಾಡು ಮಾತ್ರ ಗಲ್ಫಿಗೆ ಹೋಗಿ ನಮ್ಮ ತರಗತಿಗೆ ಬಂತು. ಮರುದಿನ ಮಕ್ಕಳನ್ನು ಕರೆದುಕೊಂಡು ಆ ಅಜ್ಜಿಯ ಮನೆಗೇ ಹೋದೆವು.

ವಿರೋಧವೂ ಬಂತು, ಅದನ್ನು ಮುಚ್ಚಿಡುವುದಿಲ್ಲ. “ನಮ್ಮ ಹುಡುಗಿ ಭಾಗವತಿಕೆ ಮಾಡುವುದು ಬೇಡ” ಎಂದು ಒಬ್ಬರು ಅಜ್ಜ ಬಂದರು. ವಾದ್ಯ ಆಗುತ್ತದೆಯೇ, ಹುಡುಗಿ ಸಭೆಯಲ್ಲಿ ಹಾಡಬಹುದೇ, ದೇವರ ಸ್ತುತಿ ಬಂದರೆ ಏನು ಮಾಡುವುದು, ಅವರ ಪ್ರಶ್ನೆಗಳು ನ್ಯಾಯವಾದವು. ಇಂಥ ಪ್ರಶ್ನೆ ಕೇಳಿದವರನ್ನೆಲ್ಲ ಹಿಂದುಳಿದವರು ಎಂದು ಬದಿಗೆ ಸರಿಸುವುದು ಶಾಲೆಯವರ ಸುಲಭದ ಚಟ. ನಾವು ಅವರನ್ನು ಕೂರಿಸಿ ಇಡೀ ನಾಟಕ ಓದಿ ಹೇಳಿದೆವು. ಸ್ತುತಿಪದ್ಯ ನಾಟಕದಲ್ಲಿ ಇರಲಿಲ್ಲ, ಹುಡುಗಿ ಹಾಡುವುದು ಬೇಲಿ ಬಿದ್ದ ಕಥೆಯನ್ನು. ಅವಳ ಉಡುಪು ಅವಳ ಮನೆಯವರು ಹೇಳಿದಂತೆ. ಬ್ಯಾರಿ ಹಾಡುಗಳಿಗೆ ದಫ್ ಮತ್ತು ಚಪ್ಪಾಳೆ ಮಾತ್ರ. ಮದ್ರಸದ ಹೊತ್ತಿಗೆ ಅಭ್ಯಾಸ ಇಡುವುದಿಲ್ಲ ಎಂದು ಉಸ್ತಾದರಿಗೂ ಹೇಳಿದೆವು. ಅಜ್ಜ ಒಪ್ಪಿದರು. ಇನ್ನೊಂದು ಮನೆಯವರು ಒಪ್ಪಲಿಲ್ಲ. ಆ ಮಗು ರಂಗದ ಹಿಂದೆ ನಿಂತು ಮಾತು ನೆನಪಿಸುವ ಕೆಲಸ ಮಾಡಿತು, ಏಳೂ ಭಾಷೆಯ ಮಾತು ಅದಕ್ಕೇ ಹೆಚ್ಚು ಬಾಯಿಪಾಠವಾಯಿತು.

ನಾನು ಹೆಚ್ಚು ಕಲಿತದ್ದು ನಮ್ಮ ಸಮುದಾಯದ ಹೊರಗಿನ ಒಬ್ಬ ಹುಡುಗನಿಂದ. ಅವನು ಕೊರಗರ ಮನೆಯವನು. ‘ಇವನಿಗೆ ಡೋಲು ಬರುತ್ತದೆ’ ಎಂದು ನಾನೇ ತೀರ್ಮಾನಿಸಿ, ಮಳೆಯ ದೃಶ್ಯಕ್ಕೆ ಡೋಲು ತರಲು ಹೇಳಿದೆ. ಅವನು ತರಲಿಲ್ಲ. ಮೂರನೇ ದಿನವೂ ತರಲಿಲ್ಲ. ಕೊನೆಗೆ ಅವನ ಅಜ್ಜ ಬಂದು ಮೆಲ್ಲಗೆ ಹೇಳಿದರು: “ಬೇರೆಯವರ ಮನೆಯ ಕಾರ್ಯಕ್ಕೆ ಕರೆದಾಗಲೆಲ್ಲ ಡೋಲು ಬಾರಿಸಿ ಬಾರಿಸಿ ನಮಗೆ ಸಾಕಾಗಿದೆ ಟೀಚರ್. ಮೊಮ್ಮಗ ಶಾಲೆಯಲ್ಲಾದರೂ ಬಾರಿಸದೆ ಇರಲಿ.” ಕೊರಗರನ್ನು ಅವಮಾನದ ಚಾಕರಿಗೆ ದೂಡುತ್ತಿದ್ದ ‘ಅಜಲು’ ಪದ್ಧತಿಯನ್ನು ಕರ್ನಾಟಕ 2000ದಲ್ಲಿ ಕಾನೂನು ಮಾಡಿ ನಿಷೇಧಿಸಿದೆ ಎಂದು ನಾನು ಓದಿದ್ದೆ. ಓದಿದ್ದು ತಲೆಯಲ್ಲಿತ್ತು, ಎದುರಿಗಿದ್ದ ಮಗುವಿನಲ್ಲಿ ಕಾಣಲಿಲ್ಲ. ಕುಪ್ಪಾಯ ತೊಡಿಸಿದಾಗ ಮಾಡಿದ ತಪ್ಪನ್ನೇ ಮತ್ತೆ ಮಾಡಿದ್ದೆ. ಯಾರಿಗೆ ಯಾವುದು ‘ಸಂಸ್ಕೃತಿ’ ಎಂದು ನಾನೇ ನಿರ್ಧರಿಸಿದ್ದೆ. ಹುಡುಗನನ್ನು ಕೇಳಿದೆ, “ನಿನಗೆ ಏನು ಬೇಕು?” “ಪಂಚಾಯಿತಿಕೆ ಮಾಡುವ ದೊಡ್ಡವರ ಪಾತ್ರ” ಎಂದ. ಕೊಟ್ಟೆವು. ಜಗಳವಾಡುವ ಎರಡೂ ಮನೆಯವರನ್ನು ಅವನು ಎಷ್ಟು ಚೆನ್ನಾಗಿ ಗದರಿಸಿದ ಎಂದರೆ ಸಭೆಯ ಹಿರಿಯರೂ ನೆಟ್ಟಗೆ ಕುಳಿತರು.

ಇಷ್ಟೆಲ್ಲಾ ಶ್ರಮ ಪಡುವ ಬದಲು ಒಂದು ಭಾಷಣ, ಒಂದು ಪ್ರಬಂಧ ಸ್ಪರ್ಧೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಪ್ರಬಂಧವನ್ನು ಒಬ್ಬರೇ ಬರೆಯಬಹುದು. ಹಾಡಿನ ನಾಟಕದಲ್ಲಿ ಪಕ್ಕದವನ ಉಸಿರು ಎಲ್ಲಿ ನಿಲ್ಲುತ್ತದೆ ಎಂದು ಗೊತ್ತಿಲ್ಲದಿದ್ದರೆ ತಾಳ ತಪ್ಪುತ್ತದೆ. ಮೆಲ್ಲನೆ ಆರಂಭಿಸಿ ಬಿರುಸಾಗುವ ದಫ್ಪಿನ ಪೆಟ್ಟಿಗೆ ಚೆಂಡೆ ಬಾರಿಸುವ ಹುಡುಗ ಕಾಯಬೇಕಾಗುತ್ತದೆ. ನಮ್ಮ ನೆರೆಯಲ್ಲಿ ದೊಡ್ಡವರು ಇದನ್ನು ಮೊದಲೇ ಕಂಡುಕೊಂಡಿದ್ದರು. ಶಿವರಾಮ ಕಾರಂತರು ಗೀತನಾಟಕಗಳನ್ನು ಬರೆದರು, ಪುತ್ತೂರಿನ ಬಾಲವನದಲ್ಲಿ ಮಕ್ಕಳಿಗಾಗಿ ದುಡಿದರು. ಬಂಟ್ವಾಳದ ಮಂಚಿಯ ಬಿ.ವಿ. ಕಾರಂತರು ಮಕ್ಕಳ ನಾಟಕಗಳಿಗೆ ದಿನನಿತ್ಯದ ಸದ್ದುಗಳಿಂದಲೇ ಸಂಗೀತ ಕಟ್ಟಿದರು. ಇನ್ನು ತೆಂಕುತಿಟ್ಟು ಯಕ್ಷಗಾನದ ಆದಿಕವಿಯಂತಿರುವ ಪಾರ್ತಿಸುಬ್ಬ ನಮ್ಮ ಕುಂಬಳೆಯವನೇ. ಹಾಡಿ, ಆಡಿ, ಕುಣಿದು ಕಥೆ ಹೇಳುವುದು ಈ ಮಣ್ಣಿಗೆ ಆಮದಾದ ವಿದ್ಯೆಯಲ್ಲ.

ನಮ್ಮ ಪಾಲೂ ಕಡಿಮೆಯದ್ದಲ್ಲ. ತಳಂಗರೆಯ ಕವಿ ಟಿ. ಉಬೈದ್ 1947ರಲ್ಲಿ ಕೋಝಿಕ್ಕೋಡಿನ ಸಾಹಿತ್ಯ ಪರಿಷತ್ ಸಮ್ಮೇಳನದಲ್ಲಿ ಮಾಪ್ಪಿಳಪ್ಪಾಟ್ಟನ್ನು ಸಾಹಿತ್ಯವೆಂದು ಪಂಡಿತರ ಮುಂದೆ ಮಂಡಿಸಿದರು. ಕನ್ನಡವನ್ನೂ ಬಲ್ಲ ಕವಿ ಅವರು. 1936ರಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಚಂದ್ರಗಿರಿಯ ದಡದಿಂದ ಕನ್ನಡ ಶಾಲೆಗೆ ಹೋಗಿ, ನಮ್ಮ ಮನೆಗಳ ಒಳಗಿನ ಮಾತನ್ನು ಇಡೀ ಕರ್ನಾಟಕಕ್ಕೆ ಕೇಳಿಸಿದರು. ಇಚ್ಲಂಗೋಡಿನ ಪ್ರೊ. ಬಿ.ಎಂ. ಇಚ್ಲಂಗೋಡು ತುಳುನಾಡಿನ ಮುಸ್ಲಿಮರ ಚರಿತ್ರೆ ಬರೆದರು. ಗಡಿಯ ಆಚೆ ಬ್ಯಾರಿ ಸಾಹಿತ್ಯ ಅಕಾಡೆಮಿ ಇದೆ. 2011ರ ‘ಬ್ಯಾರಿ’ ಚಿತ್ರಕ್ಕೆ ದೇಶದ ಅತ್ಯುತ್ತಮ ಚಿತ್ರದ ಪ್ರಶಸ್ತಿ ಬಂತು. ದೆಹಲಿಯವರೆಗೆ ಹೋದ ಭಾಷೆ ತಲಪಾಡಿ ಗೇಟಿನಿಂದ ಈಚೆಯ ಶಾಲೆಯ ವೇದಿಕೆಗೆ ಹತ್ತಲು ನಾವು ಯಾರ ಅಪ್ಪಣೆಗೆ ಕಾಯುತ್ತಿದ್ದೇವೆ?

ಹಾಗಾಗಿ ಈ ಬ್ಲಾಗು ಓದುವ ಮನೆಯವರಲ್ಲಿ ನನ್ನ ಕೋರಿಕೆ ಇದು. ಮನೆಯಲ್ಲಿ ಹಾಡು ಗೊತ್ತಿರುವ ಹಿರಿಯರಿದ್ದರೆ ಇಂದೇ ಕೂರಿಸಿ ಹಾಡಿಸಿ, ಮಗುವೇ ಕಲಿಯಲಿ. ಪಿಟಿಎ ಸಭೆಯಲ್ಲಿ ಸಮವಸ್ತ್ರ, ಬಸ್ಸಿನ ವಿಷಯದ ಜೊತೆಗೆ ‘ವರ್ಷಕ್ಕೊಂದು ಹಾಡಿನ ನಾಟಕ ಮಾಡಿ, ನಾವು ಸಹಾಯ ಮಾಡುತ್ತೇವೆ’ ಎಂದೂ ಹೇಳಿ. ಹಣ ಹೆಚ್ಚು ಬೇಡ, ನಮಗೆ ಖರ್ಚಾದದ್ದು ಹೆಚ್ಚಾಗಿ ಚಹಾ ತಿಂಡಿಗೆ. ನಿಮಗೆ ಸರಿಬಾರದ್ದು ನಾಟಕದಲ್ಲಿದ್ದರೆ ಬಂದು ಹೇಳಿ, ಆದರೆ ಮಗುವನ್ನು ಸುಮ್ಮನೆ ಹಿಂದಕ್ಕೆ ಎಳೆದುಕೊಳ್ಳಬೇಡಿ. ನಮ್ಮ ಹಾಡನ್ನು ಬೇರೆಯವರು ಗೌರವದಿಂದ ಕಲಿಯಬೇಕೆಂದರೆ ಅವರ ಹಾಡನ್ನು ನಮ್ಮ ಮಕ್ಕಳೂ ಅಷ್ಟೇ ಗೌರವದಿಂದ ಕಲಿಯಬೇಕು. ಇದು ಕೊಡು-ಕೊಳ್ಳುವ ವ್ಯವಹಾರ. ವ್ಯಾಪಾರದ ನ್ಯಾಯ ಬ್ಯಾರಿಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಾಟಕದ ದಿನ ತುಳು ಹುಡುಗ ಮೊಯ್ಲಾಂಜಿ ಹಾಡಿಗೆ ಬಾಯಿ ತೆರೆದಾಗ ಹಿಂದಿನ ಸಾಲಿನಲ್ಲಿ ಕೆಲವರು ಅಭ್ಯಾಸದಂತೆ ನಕ್ಕರು. ಎರಡನೇ ಸಾಲಿಗೆ ನಗು ನಿಂತಿತು. ಆ ಅಜ್ಜಿಯನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿದ್ದೆವು. ಅವರು ತಟ್ಟದ ಅಂಚನ್ನು ಬಾಯಿಗೆ ಒತ್ತಿಕೊಂಡು ಕೇಳುತ್ತಿದ್ದರು. ಮುಗಿದ ಮೇಲೆ ಹುಡುಗ ಓಡಿಬಂದು, “ಅಜ್ಜಿ, ಸರಿ ಇತ್ತಾ?” ಎಂದ.

“ಒಂದು ಕಡೆ ತಪ್ಪಿದೆ ಮೋನೆ” ಎಂದರು ಅಜ್ಜಿ. “ನಾಳೆ ಮನೆಗೆ ಬಾ, ಹೇಳಿಕೊಡುತ್ತೇನೆ.”

ಅವನು ಹೋದ. ಈಗಲೂ ಹೋಗುತ್ತಾನೆ.